ಎದುರು ಮನೆಗೆ ಕೊಡದ ಕಾಗದದ ಹೂ

ನಮ್ಮ ಮನೆಯ ಕೆಳಗೆ ಬಾಡಿಗೆಗಿದ್ದ ಅಕ್ಕ ತೀರಿಕೊಂಡ ಮೇಲೆ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೊ ಬಂತು. ಮಡಿಲ ತುಂಬ ಕಾಗದದ ಹೂಗಳು, ಮುಖದಲ್ಲಿ ಅರ್ಧ ನಗೆ. ಕೆಳಗೆ ಯಾರೋ 'ಶಾಂತಮೂರ್ತಿ' ಎಂದು ಬರೆದಿದ್ದರು. ಇನ್ಯಾರೋ 'ಯಾರಿಗೂ ಕೆಟ್ಟದ್ದು ಬಯಸದ ಜೀವ' ಎಂದಿದ್ದರು. ಅದರ ಹಿಂದೆ ಸಾಲಾಗಿ ಕೈಮುಗಿದ ಚಿತ್ರಗಳು.

ಓದಿ ನನಗೆ ಸಿಟ್ಟು ಬಂತು. ಅಕ್ಕ ಒಬ್ಬ ಮನುಷ್ಯನಿಗೆ ಕೆಟ್ಟದ್ದು ಬಯಸಿದ್ದರು. ಮನಸಾರೆ, ದಿನಾ ಸಂಜೆ, ನಮ್ಮ ಮನೆಯ ಜಗಲಿಯ ಮೇಲೆ ಕೂತು ಬಯಸಿದ್ದರು. ಅದನ್ನು ಬಿಟ್ಟು ಬರೆದರೆ ಅದು ಬೇರೆ ಯಾರದೋ ಚಿತ್ರವಾಗುತ್ತದೆ.

ನಮ್ಮ ಮನೆ ಇರುವುದು ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ. ಮಹಡಿಯಲ್ಲಿ ನಾವು, ಕೆಳಗೆ ಬಾಡಿಗೆಗೆ ಕೊಡುವ ಎರಡು ಪುಟ್ಟ ಮನೆ. ಹಿಂದಿನದರಲ್ಲಿ ಗಾಳಿ ಬೆಳಕು ಚೆನ್ನಾಗಿದೆ, ನೀರಿನ ತೊಟ್ಟಿಯೂ ಹತ್ತಿರ. ಮುಂದಿನದು ರಸ್ತೆಯ ಧೂಳಿಗೆ ಬಾಯಿ ತೆರೆದುಕೊಂಡ ಒಂದೇ ಕೋಣೆ, ಅದಕ್ಕೊಂದು ಒಲೆಕಟ್ಟೆ. ಅಕ್ಕ ಮನೆ ಕೇಳಿಕೊಂಡು ಬಂದ ದಿನ ನಮ್ಮತ್ತೆ ಹಿಂದಿನದನ್ನು ತೋರಿಸಿದರು. ಅಕ್ಕ ಅದರೊಳಗೆ ಕಾಲಿಡಲೇ ಇಲ್ಲ.

"ಮುಂದಿಂದು ಕೊಡ್ರಿ ಅಮ್ಮ. ರಸ್ತೆ ಕಾಣ್ಬೇಕು ನಂಗೆ."

"ಧೂಳು ಬರ್ತೈತವ್ವ."

"ಬರ್ಲಿ ಬಿಡ್ರಿ. ಎದುರು ಬಾಗಿಲು ಕಾಣ್ತೈತಲ್ಲ, ಸಾಕು."

ಎದುರು ಬಾಗಿಲು ಯಾಕೆ ಕಾಣಬೇಕು ಎಂದು ನಾವು ಕೇಳಲಿಲ್ಲ. ಒಂಟಿ ಹೆಂಗಸು, ಜನ ಕಾಣುವ ಕಡೆ ಇರಲು ಇಷ್ಟವಿರಬೇಕು ಅಂದುಕೊಂಡೆವು. ಎದುರು ಮನೆ ಒಬ್ಬ ಮ್ಯಾನೇಜರನದು. ಇಡೀ ಬೀದಿಗೆ ಅವನು ಬೇಕಾದವನು, ಗಣಪತಿ ಕೂರಿಸುವ ಸಮಿತಿಗೆ ಅಧ್ಯಕ್ಷ. ಅವನಿಗೆ ಬಹುವಚನ ಹಾಕಲು ನನಗೆ ಕೈ ಬರುವುದಿಲ್ಲ. ಎದುರು ಸಿಕ್ಕಾಗ ನಾನೂ ಒಂದು ಕಾಲದಲ್ಲಿ 'ಸರ್' ಎನ್ನುತ್ತಿದ್ದೆ, ಆ ಮಾತು ಬೇರೆ.

ಅಕ್ಕ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಟ್ಟು ಬರುತ್ತಿದ್ದರು. ಸಂಜೆ ಮುಖ ತೊಳೆದು, ತಲೆ ಬಾಚಿ, ಜಗಲಿಗೆ ಬಂದರೆ ಕಾಗದ ಮಡಚಿ ಹೂ, ಗುಬ್ಬಿ, ಕಪ್ಪೆ ಮಾಡುವ ಕೆಲಸ. ಹಳೆಯ ಕ್ಯಾಲೆಂಡರ್ ಹಾಳೆ, ಮದುವೆ ಪತ್ರಿಕೆ, ನಮ್ಮ ಕಾಲೇಜಿನ ಆಫೀಸಿನಿಂದ ನಾನು ತಂದುಕೊಡುತ್ತಿದ್ದ ರದ್ದಿ, ಎಲ್ಲ ಪಕ್ಕದಲ್ಲಿ ಒಟ್ಟಿರುತ್ತಿತ್ತು. ಮದುವೆ ಪತ್ರಿಕೆ ದಪ್ಪ, ಅದು ಕಪ್ಪೆಗೆ. ಕ್ಯಾಲೆಂಡರಿನ ನುಣುಪು ಹಾಳೆ ಕಮಲಕ್ಕೆ. ನ್ಯೂಸ್‌ಪೇಪರ್ ಮಾತ್ರ ಅವರಿಗೆ ಆಗುತ್ತಿರಲಿಲ್ಲ. "ಮಡಚೋಕ್ ಮೊದ್ಲೇ ಸೋಲ್ತೈತೆ" ಎಂದು ಪಕ್ಕಕ್ಕಿಡುತ್ತಿದ್ದರು.

ಇದನ್ನು ಅವರು ಕಲಿತದ್ದು ಆಸ್ಪತ್ರೆಯ ವರಾಂಡದಲ್ಲಿ. ಗಂಡ ಒಳಗೆ ಮಲಗಿದ್ದಾಗ ಪಕ್ಕದ ರೋಗಿಯ ಜೊತೆಗಿದ್ದ ಮುದುಕಿಯೊಬ್ಬರು ಮಾತ್ರೆ ಕಟ್ಟಿಕೊಡುವ ಕಾಗದದಲ್ಲಿ ಗುಬ್ಬಿ ಮಾಡುತ್ತಿದ್ದರಂತೆ. ಅಕ್ಕನ ಕೈಗೂ ಒಂದು ಚೂರು ಕೊಟ್ಟರಂತೆ. ಯಾಕೆ ಇಷ್ಟು ಇಷ್ಟ ನಿಮಗೆ ಎಂದು ಒಮ್ಮೆ ಕೇಳಿದೆ.

"ಕೈ ಸುಮ್ನಿದ್ರೆ ಯಾರ್ನಾರ ಹೊಡೀತೈತ್ರಿ ಮೇಡಂ. ಅದ್ಕೇ ಮಡಚ್ತೀನಿ" ಎಂದರು. ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ.

ದಾರಿಯಲ್ಲಿ ಹೋಗುವವರೆಲ್ಲ ನಿಲ್ಲುತ್ತಿದ್ದರು. ಹಾಲಿನವನು, ಸಿಲಿಂಡರ್ ತರುವವನು, ಪಾರ್ಕಿಗೆ ಹೊರಟ ನಿವೃತ್ತರು, ಶಾಲೆಯಿಂದ ಬರುವ ಮಕ್ಕಳು. ಮಾಡಿಟ್ಟ ಹೂವನ್ನು ಸುಮ್ಮನೆ ಎತ್ತಿಕೊಡುವುದು ಅಪರೂಪ. "ಕೂಡ್ರಿ, ನೀವೇ ಮಾಡ್ರಿ" ಎಂದು ಕೈಗೆ ಹಾಳೆ ಕೊಡುತ್ತಿದ್ದರು. ಕಲಿಸುವಾಗ ದಯೆ ದಾಕ್ಷಿಣ್ಯ ಇಲ್ಲ. "ಅಂಚಿಗೆ ಅಂಚು ಕೂಡ್ಸ್ರಿ. ಉಗುರಿಂದ ತೀಡ್ರಿ. ಏನ್ ಸಾರ್, ಇಷ್ಟ್ ಓದೀರಿ, ಒಂದು ಗೆರೆ ಸರಿಯಾಗಿ ಬರಲ್ವಾ?" ಎಂದು ಬ್ಯಾಂಕಿನಲ್ಲಿದ್ದು ನಿವೃತ್ತರಾದವರನ್ನೇ ಗದರಿಸುತ್ತಿದ್ದರು. ಅವರು ಸಂತೋಷದಿಂದ ಗದರಿಸಿಕೊಳ್ಳುತ್ತಿದ್ದರು.

ಕಮಲ ಮಾಡುವಾಗ ಒಂದು ಹಂತ ಬರುತ್ತದೆ. ನಾಲ್ಕು ಮೂಲೆಗಳೂ ಒಳಗೆ ಬಂದು ಸೇರಿರುತ್ತವೆ, ಇನ್ನೂ ಕಚ್ಚಿಕೊಂಡಿರುವುದಿಲ್ಲ. ಎರಡೂ ಕೈಯಲ್ಲಿ ಒತ್ತಿ ಹಿಡಿದಿರಬೇಕು. "ಬಿಡಬ್ಯಾಡ್ರಿ, ಬಿಟ್ರೆ ಬಿಚ್ಕೊಂತೈತೆ" ಎನ್ನುತ್ತಿದ್ದರು ಅಕ್ಕ. ಹಿಡಿದವರು ಎದ್ದು ಹೋಗುವಂತಿಲ್ಲ, ಫೋನ್ ಬಂದರೆ ಎತ್ತುವಂತಿಲ್ಲ. ಅಕ್ಕ ಬಾಯಿ ತೆರೆಯುತ್ತಿದ್ದದ್ದು ಆಗ.

"ಎದುರು ಮನೆ ಐತಲ್ರಿ, ಅಲ್ಲಿರೋ ಮ್ಯಾನೇಜರು ನಮ್ಮನೆಯೋರನ್ನ ಕೊಂದು, ಕುಡುಕ ಅಂತ ಹೇಳಿದಾನೆ."

ನಾನು ಮೊದಲ ಸಲ ಕೇಳಿದ್ದೂ ಹಾಗೆಯೇ, ಎರಡೂ ಕೈಯಲ್ಲಿ ಅರ್ಧ ಕಮಲ ಹಿಡಿದುಕೊಂಡು.

ಅಕ್ಕನ ಗಂಡ ಕರೂರು ಕೈಗಾರಿಕಾ ಪ್ರದೇಶದ ಒಂದು ಎಣ್ಣೆ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಉಗಿ ಹೋಗುವ ಪೈಪಿನ ವಾಲ್ವ್ ಸೋರುತ್ತಿದೆ, ನಿಲ್ಲಿಸಿ ಸರಿಮಾಡಿಸಿ ಎಂದು ಮ್ಯಾನೇಜರನಿಗೆ ಹೇಳಿದ್ದರು. "ಈ ಲೋಡು ಹೋಗ್ಲಿ, ಆಮೇಲೆ ನೋಡೋಣ" ಅಂದಿದ್ದ. ಲೋಡು ಹೋಗುವ ಮೊದಲೇ ವಾಲ್ವ್ ಕಿತ್ತುಕೊಂಡು ಉಗಿಯೆಲ್ಲ ಅವರ ಮೈಮೇಲೆ ಬಂತು. ಆಸ್ಪತ್ರೆಯಲ್ಲಿ ಬಹಳ ದಿನ ನರಳಿ ಹೋದರು. ವಿಚಾರಣೆಗೆ ಬಂದವರ ಮುಂದೆ ಮ್ಯಾನೇಜರ್, ಅವನು ಕುಡಿದು ಬಂದಿದ್ದ, ತಪ್ಪು ವಾಲ್ವ್ ತಿರುಗಿಸಿದ ಅಂದ. ಅಷ್ಟು ದಿನದ ಮೇಲೆ ಸತ್ತವರ ರಕ್ತದಲ್ಲಿ ಏನನ್ನು ಹುಡುಕುವುದು? ಜೊತೆಯ ಕೆಲಸಗಾರರು ತಲೆ ತಗ್ಗಿಸಿ ನಿಂತರು. ಅಲ್ಲಿಗೆ ಎಲ್ಲ ಮುಗಿಯಿತು.

"ಆವತ್ತು ಬುತ್ತಿ ಕಟ್ಟಿ, ಬಾಗಿಲಲ್ಲಿ ನಿಂತು ಮಾತಾಡ್ಸಿ ಕಳ್ಸಿದೋಳು ನಾನು. ಕುಡ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ?" ಎಂದು ಕೇಳುತ್ತಿದ್ದರು. ಕೇಳಿ, "ಈಗ ಮೂಲೆ ಮ್ಯಾಲೆತ್ರಿ, ಮೆಲ್ಲಕೆ, ಹರೀಬಾರ್ದು" ಎಂದು ಅದೇ ಧ್ವನಿಯಲ್ಲಿ ಪಾಠ ಮುಂದುವರಿಸುತ್ತಿದ್ದರು. ಒಂದು ಹನಿ ಕಣ್ಣೀರು ಹಾಕಿದ್ದನ್ನು ನಾನು ಕಾಣೆ.

ಅವರನ್ನು ಹೆಚ್ಚು ಸುಟ್ಟದ್ದು ಇನ್ನೊಂದು. ಅಕ್ಕನ ತವರು ಹರಿಹರದ ಹತ್ತಿರದ ಭಾನುವಳ್ಳಿ. ಗಂಡನ ತಿಥಿಗೆ ಬಂದಿದ್ದ ಅವರ ಸ್ವಂತ ಅಣ್ಣ, ಊಟಕ್ಕೆ ಕೂತ ಪಂಕ್ತಿಯಲ್ಲಿ, "ಕುಡುಕ್ನಿಗೆ ಕೊಟ್ಟು ನಾವೇ ತಪ್ಪು ಮಾಡಿದ್ವಿ" ಎಂದುಬಿಟ್ಟರಂತೆ. ಅಕ್ಕ ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟು ಹೊರಗೆ ಬಂದವರು, ಮತ್ತೆ ತವರಿನ ಹೊಸ್ತಿಲು ತುಳಿದಿರಲಿಲ್ಲ.

ದಿನ ಕಳೆದಂತೆ ಬೀದಿಯ ಮನೆಗಳ ಟಿವಿಯ ಮೇಲೆ, ದೇವರ ಗೂಡಿನಲ್ಲಿ, ಸ್ಕೂಟರಿನ ಮುಂಭಾಗದಲ್ಲಿ ಅಕ್ಕ ಕಲಿಸಿದ ಹೂ ಗುಬ್ಬಿಗಳು ಕಾಣತೊಡಗಿದವು. ಅವುಗಳ ಜೊತೆಗೆ ಆ ಮಾತೂ ಒಳಗೆ ಹೋಗಿರುತ್ತಿತ್ತು. ಎದುರು ಮನೆಗೆ ಮಾತ್ರ ಒಂದು ಚೂರು ಕಾಗದವೂ ಹೋಗಲಿಲ್ಲ. ಮ್ಯಾನೇಜರನ ಹೆಂಡತಿ ಸಂಜೆಯ ಹೊತ್ತು ಕಿಟಕಿಯ ಪರದೆ ಸರಿಸಿ ನೋಡುತ್ತಾ ನಿಂತಿರುತ್ತಿದ್ದರು. ಅಕ್ಕ ಅತ್ತ ತಲೆಯೆತ್ತುತ್ತಿರಲಿಲ್ಲ.

ಮ್ಯಾನೇಜರನಿಗೆ ಅಕ್ಕನ ಗುರುತು ಹತ್ತಲು ತಡವಾಯಿತು. ಹತ್ತಿದ ಮೇಲೆ ಸೀದಾ ನಮ್ಮತ್ತೆಯ ಹತ್ತಿರ ಬಂದ. ನಾನೇ ಚಹಾ ಕೊಟ್ಟೆ.

"ಬಾಡಿಗೆಯೋರನ್ನ ನೋಡ್ಕೊಂಡು ಇಡಬೇಕ್ರಿ ಅಮ್ಮ. ಆ ಹೆಂಗಸು ಬಂದ್ಹೋಗೋರ್ ಮುಂದೆಲ್ಲ ನನ್ ಮರ್ಯಾದೆ ಕಳೀತಾಳೆ."

ನಮ್ಮತ್ತೆ ಕೇಳಿದರು, "ಆಕಿ ಹೇಳೋದು ಸುಳ್ಳೇನಪ್ಪ?"

"ಅದೆಲ್ಲ ಯಾವತ್ತೋ ಮುಗ್ದು ಹೋಗೈತ್ರಿ."

"ಮುಗ್ದೈತೋ ಇಲ್ಲೋ ಅಂತ ಕೇಳ್ಲಿಲ್ಲ ನಾನು. ಸುಳ್ಳೇನು ಅಂದೆ."

ಅವನು ಚಹಾವನ್ನು ಅರ್ಧಕ್ಕೆ ಬಿಟ್ಟು ಎದ್ದ. ನಮ್ಮತ್ತೆ ಆ ಲೋಟವನ್ನು ನನ್ನ ಕೈಗೆ ಕೊಡುತ್ತಾ, "ಕೆಳಗಿನಾಕಿಗೆ ಹೇಳು, ಇರೋತನಕ ಆ ಮನೆ ಆಕಿದೇ ಅಂತ" ಎಂದರು.

ಆಮೇಲೆ ಪೊಲೀಸಿಗೆ ಹೇಳಿ ನೋಡಿದ. ಒಬ್ಬ ಪೇದೆ ಬಂದು ಜಗಲಿಯ ಮುಂದೆ ಬೈಕ್ ನಿಲ್ಲಿಸಿದರು. "ಏನಮ್ಮ ನಿಂದು ಗಲಾಟೆ?" ಎಂದು ಏರುಧ್ವನಿಯಲ್ಲೇ ಶುರುಮಾಡಿದರು.

"ಗಲಾಟೆ ಎಲ್ಲೈತ್ರಿ? ಕಲ್ಲು ಒಗದೀನಾ, ಬೈದೀನಾ? ಕಾಗ್ದ ಮಡಚ್ತೀನಿ. ಕೂಡ್ರಿ, ಕಪ್ಪೆ ಮಾಡೋದು ಕಲಿಸ್ತೀನಿ."

ಪೇದೆ ಅತ್ತಿತ್ತ ನೋಡಿ ಕೂತರು. ಹೋಗುವಾಗ ಅವರ ಜೇಬಿನಲ್ಲಿ ಒಂದು ಕಪ್ಪೆ ಇತ್ತು, ಮುಖ ಬಿಗಿದಿತ್ತು. ಎದುರು ಮನೆಯ ಕಡೆ ಒಮ್ಮೆ ನಿಧಾನವಾಗಿ ನೋಡಿ ಬೈಕ್ ಹತ್ತಿದರು. ಮತ್ತೆ ಬರಲಿಲ್ಲ.

ಮುಂದಿನ ಗಣಪತಿ ಹಬ್ಬದ ಸಭೆಯಲ್ಲಿ ಅಧ್ಯಕ್ಷರ ಹೆಸರು ಹೇಳಿ ಎಂದಾಗ ಅವನ ಹೆಸರನ್ನು ಯಾರೂ ಎತ್ತಲಿಲ್ಲ. ಜಗಳವಿಲ್ಲ, ಆರೋಪವಿಲ್ಲ. ಬೇರೆಯವರ ಹೆಸರು ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ. ನಾನು ಅವನ ಕೈಗಳನ್ನೇ ನೋಡುತ್ತಿದ್ದೆ. ನನಗೆ ಖುಷಿಯಾಯಿತು, ಮನೆಗೆ ಬಂದು ಅಕ್ಕನಿಗೆ ನಡೆದದ್ದನ್ನೆಲ್ಲ ಅಭಿನಯಿಸಿ ತೋರಿಸಿದೆ. ಅಕ್ಕ ಮತ್ತೊಮ್ಮೆ ಹೇಳಿಸಿಕೊಂಡರು.

ದೀಪಾವಳಿಗೆ ಮ್ಯಾನೇಜರ್ ಕೆಲಸದವಳ ಕೈಯಲ್ಲಿ ಅಕ್ಕನಿಗೆ ಸಿಹಿಯ ಡಬ್ಬ ಕಳಿಸಿದ. ಅದು ಬಿಚ್ಚದೆ ಹಾಗೆಯೇ ವಾಪಸ್ಸು ಹೋಯಿತು. ಕಾಂಪೌಂಡನ್ನು ಎತ್ತರಿಸಿದ. ಹಿಂದಿನ ಗೇಟಿನಿಂದ ಓಡಾಡಿದ. ನಿವೃತ್ತಿಯಾದ ಮೇಲೆ ಮನೆಯನ್ನೇ ಮಾರಿ ಹರಿಹರಕ್ಕೆ ಹೋದ. ಯಾರಿಗೂ ವಿಳಾಸ ಕೊಡಲಿಲ್ಲ.

ಅಕ್ಕ ಇಲ್ಲಿಗೆ ಬಿಡುತ್ತಾರೆ ಎಂದುಕೊಂಡೆ. ಸಾಮಾನು ಸಾಗಿಸಿದ ಗಾಡಿಯವನು ಅಕ್ಕನ ಹತ್ತಿರ ಗುಬ್ಬಿ ಕಲಿತವನು. ಹೊಸ ಮನೆಯ ಬೀದಿಯ ಹೆಸರನ್ನಷ್ಟೇ ಅಲ್ಲ, ಗೇಟಿನ ಬಣ್ಣವನ್ನೂ ಹೇಳಿದ.

ಅಲ್ಲಿಂದ ಮುಂದೆ ಅಕ್ಕ ವಾರಕ್ಕೊಮ್ಮೆ ರೊಟ್ಟಿಗೆ ರಜೆ ಹಾಕಿ, ಕೈಚೀಲದಲ್ಲಿ ಕ್ಯಾಲೆಂಡರ್ ಹಾಳೆ ತುಂಬಿಕೊಂಡು ಹರಿಹರದ ಬಸ್ ಹತ್ತತೊಡಗಿದರು. ಅವನ ಹೊಸ ಮನೆ ಹೊಳೆಯ ಕಡೆಗೆ ಇಳಿಯುವ ಬೀದಿಯಲ್ಲಿತ್ತು. ಎದುರಿಗೆ ಒಂದು ಚಹಾದಂಗಡಿ, ಪಕ್ಕದಲ್ಲಿ ಮಲ್ಲಿಗೆ ಮಾರುವಾಕೆ, ಆಟೊಗಳು. ಚಹಾದಂಗಡಿಯ ಬೆಂಚೇ ಅಕ್ಕನ ಹೊಸ ಜಗಲಿಯಾಯಿತು. ಕಾಲೇಜಿಗೆ ರಜೆ ಇದ್ದ ಒಂದು ದಿನ ನಾನೂ ಜೊತೆಗೆ ಹೋದೆ. ದಾರಿಯಲ್ಲಿ ಕೇಳಿದೆ, "ಅಕ್ಕ, ಇನ್ನೂ ಎಷ್ಟು ದಿನ?"

"ಅವ್ನಿಗೆ ಎಷ್ಟು ದಿನ ಬೇಕೋ ಅಷ್ಟು" ಎಂದು ಕಿಟಕಿಯ ಹೊರಗೆ ನೋಡಿದರು.

ಅಂದು ಬೆಂಚಿನ ಮೇಲೆ ಒಬ್ಬ ಆಟೊ ಡ್ರೈವರ್ ದೋಣಿ ಮಾಡುತ್ತಿದ್ದ. ಆ ಮನೆಯ ಬಾಗಿಲು ತೆರೆಯಿತು. ಮ್ಯಾನೇಜರನ ಹೆಂಡತಿ ಗೇಟು ದಾಟಿ, ರಸ್ತೆ ದಾಟಿ, ಅಕ್ಕನ ಮುಂದೆ ಬಂದು ನಿಂತರು.

"ಎಲ್ರಿಗೂ ಕಲಿಸ್ತೀಯ. ನಂಗೂ ಒಂದು ಕಲಿಸವ್ವ. ಎಷ್ಟೋ ವರ್ಷದಿಂದ ನೋಡ್ತಿದೀನಿ."

ಅಕ್ಕ ಅವರ ಮುಖವನ್ನೇ ನೋಡಿದರು. ಸರಿದು ಜಾಗ ಕೊಟ್ಟರು. ಚೀಲದಿಂದ ಒಳ್ಳೆಯ ಹಾಳೆಯನ್ನೇ ಆರಿಸಿ ತೆಗೆದರು. ಆ ಹೆಂಗಸಿನ ಬೆರಳು ಚುರುಕು, ಒಮ್ಮೆ ತೋರಿಸಿದರೆ ಸಾಕಿತ್ತು. ನಾಲ್ಕೂ ಮೂಲೆ ಒಳಗೆ ಬಂದವು. "ಬಿಡಬ್ಯಾಡ್ರಿ" ಎಂದರು ಅಕ್ಕ. ಈಕೆಗೆ ಬೇಡ ಅಕ್ಕ, ಈಕೆಯದೇನು ತಪ್ಪು ಎಂದು ನನಗೆ ಹೇಳಬೇಕೆನಿಸಿತು. ಅಕ್ಕ ಹಾಲಿನವನಿಗೆ ಹೇಳಿದ್ದನ್ನೇ, ಪೇದೆಗೆ ಹೇಳಿದ್ದನ್ನೇ, ಒಂದು ಅಕ್ಷರ ಕಡಿಮೆ ಮಾಡದೆ ಅವರಿಗೂ ಹೇಳಿದರು. ವಾಲ್ವ್, ಲೋಡು, ಬುತ್ತಿ, ಆಸ್ಪತ್ರೆ, ಕುಡುಕ ಎಂಬ ಮಾತು.

ಆ ಹೆಂಗಸು ಕೈ ಬಿಡಲಿಲ್ಲ. "ನಂಗೆ ಬೇರೆ ಥರ ಹೇಳಿದ್ರು" ಎಂದಷ್ಟೇ ಅಂದರು. ಕಮಲವನ್ನು ಪೂರ್ತಿ ಅರಳಿಸಿ, ಎದ್ದು, ಅದನ್ನು ಹಿಡಿದುಕೊಂಡು ಮನೆಯೊಳಗೆ ಹೋದರು. ಬಾಗಿಲು ಹಾಕಲಿಲ್ಲ. ಒಳಗೆ ಏನು ಮಾತಾಯಿತೋ ನಮಗೆ ಕೇಳಿಸಲಿಲ್ಲ. ಚಹಾದಂಗಡಿಯವನು ಸ್ಟೌವಿನ ಉರಿ ತಗ್ಗಿಸಿ ಅತ್ತಲೇ ಕಿವಿಗೊಟ್ಟು ನಿಂತಿದ್ದ.

ಮ್ಯಾನೇಜರ್ ಹೊರಗೆ ಬಂದ. ಬನಿಯನ್ನು, ಪಂಚೆ. ಅವನು ಅಷ್ಟು ಮುದುಕನಾಗಿರುತ್ತಾನೆಂದು ನಾನು ಎಣಿಸಿರಲಿಲ್ಲ. ಅಯ್ಯೋ ಎನಿಸಬೇಕಿತ್ತೇನೋ, ಅನಿಸಲಿಲ್ಲ.

"ಏನು ಬೇಕವ್ವ ನಿಂಗೆ? ಹೇಳು, ಏನು ಬೇಕು?"

"ಒಂದೇ ಮಾತು. ನಮ್ಮನೆಯೋರು ಕುಡ್ದಿರ್ಲಿಲ್ಲ ಅಂತ."

ಅವನು ನೆಲ ನೋಡುತ್ತಾ ಏನೋ ಗೊಣಗಿದ.

"ಕೇಳ್ಸಲಿಲ್ಲ."

"ಕುಡ್ದಿರ್ಲಿಲ್ಲ."

"ಆ ಆಟೊದೋರಿಗೆ ಕೇಳ್ಸೈತಾ ಕೇಳ್ರಿ."

ಅವನು ತಲೆ ಎತ್ತಿದ. ಹೂವಿನಾಕೆ ಮಾಲೆ ಕಟ್ಟುವುದನ್ನು ನಿಲ್ಲಿಸಿದ್ದಳು. "ಕುಡ್ದಿರ್ಲಿಲ್ಲ!" ಎಂದು ಕೂಗಿದ.

"ವಾಲ್ವ್ ಸೋರ್ತೈತೆ ಅಂತ ಹೇಳಿದ್ರಾ, ಇಲ್ವಾ?"

"ಹೇಳಿದ್ದ. ನಾನೇ ನಿಲ್ಸಲಿಲ್ಲ."

ಅಕ್ಕ ಈಗ ಅಳುತ್ತಾರೆ ಎಂದುಕೊಂಡೆ. ಅವರು ಕೈಚೀಲ ಹೆಗಲಿಗೇರಿಸಿದರು.

"ಅಂಗಿ ಹಾಕ್ಕೊಂಡ್ ಬರ್ರಿ. ಭಾನುವಳ್ಳಿಗೆ ಹೋಗ್ಬೇಕು. ಇದೇ ಮಾತು ನಮ್ಮಣ್ಣನ ಮುಂದೆ ಹೇಳ್ಬೇಕು."

"ಅಷ್ಟು ದೂರ ನಂಗಾಗಲ್ಲ, ಮಂಡಿ ನೋವು..."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಂದು ಅಂಗಿಯನ್ನು ಅವನತ್ತ ಚಾಚಿದರು. "ಬಸ್ ಐತೆ. ಹೋಗ್ರಿ" ಎಂದರು. ಅವನು ಆಕೆಯ ಮುಖ ನೋಡಿದ, ಅಂಗಿ ತೊಟ್ಟುಕೊಂಡ.

ಬಸ್ಸಿನಲ್ಲಿ ಮೂವರೂ ಬೇರೆ ಬೇರೆ ಸೀಟಿನಲ್ಲಿ ಕೂತೆವು. ಕಾಲುವೆ ನೀರಿನ ಗದ್ದೆಗಳು ದಾಟಿದವು. ಭಾನುವಳ್ಳಿಯ ಮನೆಯ ಮುಂದಿನ ಕಟ್ಟೆಯ ಮೇಲೆ ಅಕ್ಕನ ಅಣ್ಣ ಗದ್ದೆಯಿಂದ ಬಂದು ಕೂತಿದ್ದರು. ತಂಗಿಯನ್ನು ಕಂಡವರು ಎದ್ದೇ ನಿಂತರು.

"ಬಾರವ್ವ, ಒಳಗ್ ಬಾ..."

"ಒಳಗ್ ಬರಕ್ ಬಂದಿಲ್ಲ. ಇವ್ರು ಹೇಳೋದು ಕೇಳು."

ಪಕ್ಕದ ಅಂಗಡಿಯ ಮುಂದೆ ನಿಂತಿದ್ದವರು ಒಬ್ಬೊಬ್ಬರೇ ಹತ್ತಿರ ಬಂದರು. ಮ್ಯಾನೇಜರ್ ಹೇಳಿದ. ಈ ಸಲ 'ಜೋರಾಗಿ ಹೇಳು' ಎಂದು ಯಾರೂ ಅನ್ನಬೇಕಾಗಲಿಲ್ಲ. ಅಣ್ಣ ಅವನ ಕಾಲರಿಗೆ ಕೈಹಾಕಲು ಮುಂದೆ ನುಗ್ಗಿದರು. ಅಕ್ಕ ಅಡ್ಡ ನಿಂತರು.

"ಅವ್ನ್ ಮೇಲೆ ಕೈ ಮಾಡೋಕೆ ನೀನ್ಯಾರು? ಅವ್ನು ಊರಿನೋರ್ ಮುಂದೆ ಸುಳ್ಳು ಹೇಳ್ದ. ನೀನು ನನ್ ಮನೇಲಿ ಉಣ್ತಾ ಕೂತು ಹೇಳ್ದೆ. ಏನಂದಿದ್ದೆ ಆವತ್ತು? ಇವ್ರಿಗೂ ಹೇಳು."

ಅಣ್ಣ ಕಟ್ಟೆಯ ಮೇಲೆ ಕುಸಿದು ಕೂತರು. "ಕುಡುಕ್ನಿಗೆ ಕೊಟ್ವಿ ಅಂದಿದ್ದೆ" ಎಂದು ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅತ್ತಿಗೆ ಒಳಗಿನಿಂದ ನೀರಿನ ತಂಬಿಗೆ ತಂದು ಕೊಟ್ಟರು. ಅಕ್ಕ ಅದನ್ನು ನನ್ನ ಕಡೆ ದಾಟಿಸಿದರು. ನಾನು ಕುಡಿದೆ, ಅವರು ಕುಡಿಯಲಿಲ್ಲ. ತಿರುಗಿ ಬಸ್ ನಿಲ್ಲುವ ಕಡೆಗೆ ನಡೆದರು.

ಅಲ್ಲಿ ನೆರಳಿನಲ್ಲಿ ನಿಂತಿದ್ದಾಗ ಮ್ಯಾನೇಜರ್ ಮೆಲ್ಲನೆ ಕುಂಟುತ್ತಾ ಹತ್ತಿರ ಬಂದ.

"ನೀನು ಹೇಳಿದ್ದೆಲ್ಲ ಮಾಡ್ದೆ ಕಣವ್ವ. ಇನ್ನ ನಾನೂ ಬಾಳ ದಿನ ಇರಲ್ಲ. ಕ್ಷಮಿಸ್ದೆ ಅಂತ ಒಂದ್ ಮಾತು ಅನ್ನು."

ನಿಜಕ್ಕೂ ತಮ್ಮೊಳಗೆ ಹುಡುಕಿ ನೋಡುತ್ತಿರುವಂತಿತ್ತು ಅಕ್ಕನ ಮುಖ.

"ನಂಗೆ ಬೇಕಾಗಿದ್ದು ನಿಮ್ಮ ಹತ್ರ ಇತ್ತು, ಕೊಟ್ರಿ" ಎಂದರು. "ನಿಮ್ಗೆ ಬೇಕಾಗಿದ್ದು ನನ್ ಹತ್ರ ಇಲ್ರಿ."

ಬಸ್ ಬಂತು. ಅಕ್ಕ ಮುಂದಿನ ಬಾಗಿಲಿಂದ ಹತ್ತಿದರು, ಹಿಂದೆಯೇ ನಾನು ಹತ್ತಿದೆ. ಕಂಡಕ್ಟರ್ ಕೆಳಗೆ ನಿಂತಿದ್ದವನಿಗೆ "ಬರ್ತೀರೇನ್ರಿ?" ಎಂದು ಕೂಗಿದ. ಅವನು ಅಕ್ಕನ ಕಡೆ ನೋಡಿದ. ಬರುವುದಿಲ್ಲ ಎಂದು ಕೈಯಾಡಿಸಿ, ಮುಂದಿನ ಬಸ್ಸಿಗೆ ಕಾಯುತ್ತಾ ಅಲ್ಲೇ ಉಳಿದ.